ಇಲಿಗಂಜುವ ಬೆಕ್ಕೂ ಮಣ್ಣೆತ್ತೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಮಕ್ಕಳಿಗೆ ನೀಲಿ ಮೈಯ, ಗುಂಡುತಲೆಯ, ಕಿವಿಯಿಲ್ಲದ ಒಂದು ಬೆಕ್ಕನ್ನು ಇಂದು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಶಾಲೆಯ ಚೀಲದ ಮೇಲೆ, ಕಂಪಾಸು ಪೆಟ್ಟಿಗೆಯ ಮೇಲೆ, ಹುಟ್ಟುಹಬ್ಬದ ಕೇಕಿನ ಮೇಲೆ ಅದು ಬಂದು ಕುಳಿತಿದೆ. ಅದರ ಹೆಸರು ಡೋರೇಮಾನ್, ತವರು ಜಪಾನ್. 1969ರ ಕೊನೆಯಲ್ಲಿ ಮಕ್ಕಳ ಪತ್ರಿಕೆಗಳ ಚಿತ್ರಕಥೆಯಾಗಿ ಹುಟ್ಟಿ, 1979ರಲ್ಲಿ ಆರಂಭವಾದ ಅನಿಮೆ ಸರಣಿಯಿಂದ ಮನೆಮಾತಾಗಿ, 2005ರಲ್ಲಿ ಹಿಂದಿ ಮಾತನಾಡುತ್ತ ಭಾರತದ ಕಿರುತೆರೆಗೆ ಬಂದಿತು. ಹಿರಿಯರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. ಎಲ್ಲಿಯದೋ ಬೆಕ್ಕಿಗೆ ಇಷ್ಟೇಕೆ ಮರುಳಾಗಬೇಕು ಎಂದು ಅವರು ಕೇಳುತ್ತಾರೆ. ಗದರಿಕೆಯಾಗಿ ಹೊರಟರೂ ಅದು ಒಳ್ಳೆಯ ಪ್ರಶ್ನೆಯೇ ಹೌದು. ವಿಜ್ಞಾನವೂ ಅದನ್ನು ಕೇಳಿಕೊಂಡಿದೆ.

ಈ ಬೆಕ್ಕು ಇಪ್ಪತ್ತೆರಡನೆಯ ಶತಮಾನದಿಂದ ಇಳಿದು ಬಂದ ಯಂತ್ರ. ಹೊಟ್ಟೆಯ ಮೇಲಿನ ಜೇಬಿನಿಂದ ಅದು ತೆಗೆಯದ ಉಪಕರಣವಿಲ್ಲ. ಆಕಾಶದಲ್ಲಿ ಹಾರಬಲ್ಲುದು, ಕಾಲದಲ್ಲಿ ಹಿಂದುಮುಂದಾಗಿ ಸಂಚರಿಸಬಲ್ಲುದು. ಇಂಥ ಸರ್ವಶಕ್ತನ ಮುಂದೆ ಒಂದು ಚಿಕ್ಕ ಇಲಿ ಸುಳಿಯಿತೆನ್ನಿ! ಕಿರುಚಿ, ಬೆಚ್ಚಿ, ನೆಲಬಿಟ್ಟು ನೆಗೆದು, ಕೈಗೆ ಸಿಕ್ಕ ಉಪಕರಣವನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿಬಿಡುತ್ತದೆ. ಅದರ ಕಿವಿಯನ್ನು ಕಡಿದುಹಾಕಿದುದು ಇಲಿಯೇ ಎಂಬುದು ಕಥೆ. ಈ ಗಳಿಗೆಗಾಗಿಯೇ ಮಕ್ಕಳು ಕಾದು ಕೂಡುತ್ತಾರೆ. ಬಿದ್ದು ಬಿದ್ದು ನಗುತ್ತಾರೆ; ಮತ್ತು, ನಾವು ಗಮನಿಸಬೇಕಾದುದು ಇದು, ನಕ್ಕ ಮೇಲೆ ಅವರ ಪ್ರೀತಿ ಒಂದಿಷ್ಟೂ ಕುಂದುವುದಿಲ್ಲ.

ಮೊದಲು ಆಕಾರವನ್ನು ಅಳೆಯೋಣ. ಡೋರೇಮಾನನ ಎತ್ತರ 129.3 ಸೆಂಟಿಮೀಟರ್ ಎಂದು ಅದರ ಕರ್ತೃಗಳೇ ಗೊತ್ತುಮಾಡಿದ್ದಾರೆ. ತಲೆಯ ಸುತ್ತಳತೆಯೂ 129.3 ಸೆಂಟಿಮೀಟರೇ! (ತೂಕವೂ 129.3 ಕಿಲೋಗ್ರಾಂ ಎಂದು ಕೇಳಿದರೆ ಎತ್ತಿಕೊಳ್ಳುವ ಆಸೆ ತುಸು ತಗ್ಗೀತು.) ಬೆಳೆದ ಮನುಷ್ಯನ ಎತ್ತರ ಸುಮಾರು 165 ಸೆಂಟಿಮೀಟರಾದರೆ ತಲೆಯ ಸುತ್ತಳತೆ 55ರ ಆಸುಪಾಸು, ಎಂದರೆ ಮೂರರಲ್ಲಿ ಒಂದು ಪಾಲು. ಈಗ ತಾನೆ ಹುಟ್ಟಿದ ಕೂಸಿನ ಉದ್ದ ಸುಮಾರು 50, ತಲೆಯ ಸುತ್ತಳತೆ 35. ಹತ್ತರಲ್ಲಿ ಏಳು ಪಾಲು. ನಮ್ಮ ಬೆಕ್ಕಿನಲ್ಲಿ ಎರಡೂ ಸಮ. ಎಳೆಗೂಸಿಗಿಂತಲೂ ಎಳೆಯದಾದ ಆಕಾರ ಅದರದು.

1943ರಲ್ಲಿ ಪ್ರಾಣಿವರ್ತನೆಯ ವಿದ್ವಾಂಸ ಕೊನ್ರಾಡ್ ಲೊರೆನ್ಸ್ ಇದನ್ನೇ ಕುರಿತು ಒಂದು ವಿಚಾರವನ್ನು ಮುಂದಿಟ್ಟನು. ದೊಡ್ಡ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೆಳಗಿಳಿದ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಮೋಟು ಕೈಕಾಲು: ಈ ಲಕ್ಷಣಗಳು ಎಲ್ಲಿ ಕಂಡರೂ ಮನುಷ್ಯನಲ್ಲಿ ಪೋಷಿಸುವ ಭಾವ ತಾನಾಗಿ ಎಚ್ಚರಗೊಳ್ಳುವುದೆಂದು ಅವನ ವಾದ. ಕಣ್ಣಿಗೆ ಬಿದ್ದುದು ಕೂಸೇ ಆಗಬೇಕೆಂಬ ನಿಯಮವಿಲ್ಲ; ನಾಯಿಮರಿಯಾದೀತು, ಗೀಚಿದ ಚಿತ್ರವಾದೀತು. 1979ರಲ್ಲಿ ಸ್ಟೀಫನ್ ಜೇ ಗೌಲ್ಡ್ ಮಿಕ್ಕಿ ಮೌಸಿನ ಚಿತ್ರಗಳನ್ನು ಅಳೆದು, ಐವತ್ತು ವರ್ಷಗಳಲ್ಲಿ ಅದರ ತಲೆಯೂ ಕಣ್ಣೂ ಹಿಗ್ಗುತ್ತ ಬಂದುದನ್ನು ತೋರಿಸಿದನು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೂಸುಗಳ ಭಾವಚಿತ್ರಗಳನ್ನು ಬೇಕೆಂದೇ ಹೆಚ್ಚು ಮುದ್ದಾಗಿ ತಿದ್ದಿ, ಇನ್ನೂ ಹೆರದ ಸ್ತ್ರೀಯರಿಗೆ ತೋರಿಸಿದಾಗ, ಸುಖದ ಅನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗ ಹೆಚ್ಚು ಚುರುಕಾದುದು ಕಂಡುಬಂದಿತು.

ಹಾಗಾದರೆ ಮುದ್ದಿಗೆ ಮರುಳಾಗುವುದು ಪರದೇಶದಿಂದ ಬಂದ ರೋಗವೆನ್ನುವವರು ತಮ್ಮ ಹಿತ್ತಿಲನ್ನೇ ನೋಡಬೇಕು. ಕಾರಹುಣ್ಣಿವೆಗೆ ನಿಜವಾದ ಎತ್ತುಗಳ ಸಿಂಗಾರ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಎರೆಮಣ್ಣನ್ನು ಕಲಸಿ ಮನೆಮನೆಯಲ್ಲಿ ಎತ್ತು ಮಾಡುವರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಕಡೆ ಎತ್ತೆಂದರೆ ಬಸವಣ್ಣನೇ. ಆದರೆ ಆ ಮಣ್ಣೆತ್ತಿನ ರೂಪವೇನು? ಗಾಡಿಗೆ ಹೂಡುವ ಎತ್ತಿನ ಗಾಂಭೀರ್ಯ ಅದಕ್ಕಿಲ್ಲ. ಉಬ್ಬಿದ ಇಣಿ, ಮೈಗೆ ಮೀರಿದ ತಲೆ, ಬೆರಳುದ್ದದ ಕಾಲು, ಕಾಳೊತ್ತಿ ಮಾಡಿದ ಕಣ್ಣು. ಕಾಲು ಮೋಟಾದುದು ಕರುವನ್ನು ನೋಡಿ ಅಲ್ಲ, ಏಕೆಂದರೆ ಕರುವಿನ ಕಾಲು ಮೈಗೆ ಹೋಲಿಸಿದರೆ ಉದ್ದವೇ. ಹಸಿಮಣ್ಣು ಉದ್ದ ಕಾಲಿನ ಮೇಲೆ ನಿಲ್ಲದು. ಆದ ಕಾರಣ ಮೋಟು. ಮಣ್ಣು ತನ್ನ ಕೊರತೆಯಿಂದ ಮಾಡಿದುದನ್ನೇ ಜಪಾನಿನ ಚಿತ್ರಕಾರನು ಅಳತೆಯಿಟ್ಟು ಮಾಡಿದನು. ಎರಡನ್ನೂ ಮಕ್ಕಳು ಅಂಗೈಯಲ್ಲಿಟ್ಟುಕೊಂಡು ಮುದ್ದಿಸುತ್ತಾರೆ.

ಆಕಾರವೊಂದರಿಂದಲೇ ಎಲ್ಲವೂ ಆಯಿತೆಂದು ನಾವು ಒಪ್ಪೆವು. ಅದೇ ಗುಂಡುತಲೆ ಶಾಲೆಯ ಚೀಲದ ಮೇಲೂ ಇದೆ. ಚೀಲವನ್ನು ನೋಡಿ ಯಾವ ಮಗುವೂ ಬಿದ್ದು ನಗುವುದಿಲ್ಲ. ಇಲಿಯ ಗಳಿಗೆಯಲ್ಲಿ ನಡೆಯುವುದು ಬೇರೊಂದು. ದಿನವೂ ಕಾಪಾಡುವವನು ಆ ಕ್ಷಣಕ್ಕೆ ಕಾಪಾಡಬೇಕಾದವನಾಗುತ್ತಾನೆ. ಎಲ್ಲರಿಗಿಂತ ಚಿಕ್ಕವನಾಗಿ ಎಲ್ಲರಿಂದ ಸಲಹಿಸಿಕೊಳ್ಳುವ ಮಗುವಿಗೆ, ತಾನೂ ಒಬ್ಬನನ್ನು ಸಂತೈಸಬಹುದೆಂಬ ಹಿಗ್ಗು ದೊರೆಯುವುದು ಆಗಲೇ. 2012ರಲ್ಲಿ ಹಿರೋಶಿಮಾ ವಿಶ್ವವಿದ್ಯಾನಿಲಯದ ಸಂಶೋಧಕರು, ನಾಯಿಮರಿ ಬೆಕ್ಕಿನಮರಿಗಳ ಚಿತ್ರ ನೋಡಿದ ಬಳಿಕ ವಿದ್ಯಾರ್ಥಿಗಳು ನಾಜೂಕಾದ ಕೈಕೆಲಸವನ್ನು ಮೊದಲಿಗಿಂತ ಎಚ್ಚರದಿಂದ ಮಾಡಿದರೆಂದು ವರದಿ ಮಾಡಿದ್ದಾರೆ. ಮುದ್ದು ಕೈಯನ್ನು ಮೃದುವಾಗಿಸುವುದೆಂಬ ಮಾತಿಗೆ ಇದು ಬೆಂಬಲ.

ಹಾಗೆಂದು ಕಿರುತೆರೆಯ ಮುಂದೆ ಮಗುವನ್ನು ಕೂಡಿಸಿ ಮರೆತುಬಿಡಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ, ಪಿಕಾಚು ಎಂಬ ಮತ್ತೊಂದು ಮುದ್ದು ಪ್ರಾಣಿಯ ಸರಣಿಯಲ್ಲಿ, ಕೆಂಪು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು ಹನ್ನೆರಡು ಬಾರಿ ಮಿನುಗಿದವು. ಸುಮಾರು 700 ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ದೋಷ ಬೆಳಕಿನದು, ಮುದ್ದಿನದಲ್ಲ. ಬೆಳಕಿರುವ ಕೋಣೆಯಲ್ಲಿ, ತೆರೆಯಿಂದ ದೂರ ಕುಳಿತು ನೋಡುವುದು ಒಳ್ಳೆಯದು.

ನಮ್ಮ ನಿಜವಾದ ಆಕ್ಷೇಪ ಬೇರೆ ಇದೆ. ಬೆಕ್ಕು ಜಪಾನಿನದೆಂಬುದು ನಮಗೆ ಭಾರವಲ್ಲ. ಅದು ಮಗುವಿಗೆ ಪ್ರಿಯವಾದುದು ಹಿಂದಿಯಲ್ಲಿ ಎಂಬುದು ಭಾರ. ಅಂಜಿದವನನ್ನು ರಮಿಸುವ ಮಾತು, ಕಾಡಿಬೇಡುವ ಮಾತು, ಹುಸಿಮುನಿಸಿನ ಮಾತು ನಾಲಿಗೆಗೆ ಅಂಟುವ ವಯಸ್ಸು ಅದು. ಸಿಂದಗಿಯ ಮಗು ಅವನ್ನು ಅವ್ವನ ಮಾತಿನಲ್ಲಿ ಕೇಳುವ ಮೊದಲೇ ಇನ್ನೊಂದು ನುಡಿಯಲ್ಲಿ ಆಡತೊಡಗಿದರೆ ತಪ್ಪು ಮಗುವಿನದಲ್ಲ. ಕನ್ನಡದಲ್ಲಿ ಮಕ್ಕಳಿಗೆಂದೇ ಒಂದು ವಾಹಿನಿ ಬಂದುದು 2009ರಲ್ಲಿ. ಅಷ್ಟರೊಳಗೆ ಡೋರೇಮಾನ್ ಹಿಂದಿಯಲ್ಲಿ ನಾಲ್ಕು ವರ್ಷ ಮಾತನಾಡಿಯಾಗಿತ್ತು. ಡಬ್ಬಿಂಗ್ ಬೇಕೇ ಬೇಡವೇ ಎಂದು ದೊಡ್ಡವರು ವಾದ ಮಾಡುತ್ತಿದ್ದ ಕಾಲದಲ್ಲಿ ಮಕ್ಕಳು ಕಾಯಲಿಲ್ಲ. ಒಳ್ಳೆಯ ಚಿತ್ರಗಳನ್ನು ಕನ್ನಡಕ್ಕೆ ತರಬೇಕು, ಅದೂ ಪಠ್ಯಪುಸ್ತಕದ ಕನ್ನಡಕ್ಕಲ್ಲ, ಆಡುವ ಕನ್ನಡಕ್ಕೆ. ಬಾಗೇವಾಡಿಯ ಮಣ್ಣೆತ್ತಿಗೂ ಯಾರಾದರೂ ಚಲನೆ ಕೊಡಬೇಕು. ಮಳೆ ಹನಿದರೆ ಕರಗುವೆನೆಂದು ಅಂಜುವ ಎತ್ತೊಂದು, ಮಳೆಗಾಗಿ ಮುಗಿಲು ನೋಡುವ ಊರಿನಲ್ಲಿ! ಇಲಿಯ ಪ್ರಸಂಗಕ್ಕಿಂತ ಇದೇನು ಕಡಿಮೆ?

ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಶಾಲೆಯ ಉಪಾಧ್ಯಾಯರು ಒಂದು ಕೆಲಸ ಮಾಡಿಸಬಹುದು. ಮಕ್ಕಳ ಕೈಗೆ ಒಂದೊಂದು ದಾರವನ್ನು ಕೊಟ್ಟು, ಮಣ್ಣೆತ್ತಿನ ತಲೆಯ ಸುತ್ತಳತೆಯನ್ನೂ ಎತ್ತರವನ್ನೂ ಅಳೆಯಿಸಲಿ. ಕೊಟ್ಟಿಗೆಯ ಕರುವನ್ನು ಅಳೆಯಿಸಲಿ. ಸಾಧುವಾದ ಎತ್ತು ಸಿಕ್ಕರೆ, ಹಿರಿಯರು ಜೊತೆಗಿರುವಾಗ, ಅದನ್ನೂ ಅಳೆಯಿಸಲಿ. ಒಂದನ್ನೊಂದರಿಂದ ಭಾಗಿಸಿ ಹಲಗೆಯ ಮೇಲೆ ಬರೆದು, ಯಾವುದು ಹೆಚ್ಚು ಮುದ್ದೆಂದು ಮಕ್ಕಳ ಕೈ ಎತ್ತಿಸಿ ನೋಡಲಿ.