ಕ್ಯೂಆರ್ ಫಲಕ ಕಿತ್ತವರು

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಅದರಲ್ಲಿ ತಕರಾರಿಲ್ಲ. ಆದರೆ ಖಾತೆಗೆ ಬಿದ್ದದ್ದೆಲ್ಲ ವ್ಯಾಪಾರದ ದುಡ್ಡೇ? ಭಾವಮೈದುನ ತೀರಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಮಗಳ ಫೀಸಿಗೆಂದು ಅಣ್ಣ ಕಳಿಸಿದ್ದು, ಎಲ್ಲವೂ ಅದೇ ಫೋನ್ ನಂಬರಿಗೆ ಬರುತ್ತವೆ. ಹಸಿ ತರಕಾರಿಗೆ, ಬಿಡಿ ಹಾಲಿಗೆ ತೆರಿಗೆಯೇ ಇಲ್ಲ. ಇದನ್ನು ಕಂಪ್ಯೂಟರ್ ವಿಚಾರಿಸುವುದಿಲ್ಲ, ಅಧಿಕಾರಿ ವಿಚಾರಿಸಬೇಕು.

ಮುಖ್ಯಮಂತ್ರಿಯವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಇಲ್ಲವೆಂದ ಮೇಲೆ ಗದ್ದಲ ತಗ್ಗಿತು. ಒಳ್ಳೆಯದೇ. ಆದರೆ ಒಂದೂವರೆ ಕೋಟಿವರೆಗಿನ ವಹಿವಾಟಿಗೆ ಶೇ 1ರಷ್ಟೇ ತೆರಿಗೆಯ ರಾಜಿ ಪದ್ಧತಿ ಇದೆಯೆಂಬುದನ್ನು ಅಂಗಡಿ ಅಂಗಡಿಗೆ ಹೋಗಿ ತಿಳಿಸುವ ಕೆಲಸ ನೋಟಿಸಿಗಿಂತ ಮೊದಲೇ ಆಗಬೇಕಿತ್ತು.