ಕೈಯಾಡಿಸು ಅಂದರೆ ಟಾಟಾ ಅಲ್ಲ

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ನೀವು ಕನ್ನಡದಲ್ಲಿ ಕೇಳುತ್ತೀರಿ, ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ನನ್ನ ಏಳು ವರ್ಷದ ಮಗಳಿಗೆ ಇಡ್ಲಿ, ಸಾರು, ಮೊಸರು ಎಲ್ಲ ಗೊತ್ತು. ಆದರೆ ಒಮ್ಮೆ ಪಾತ್ರೆ ತೋರಿಸಿ "ಸ್ವಲ್ಪ ಕೈಯಾಡಿಸು" ಎಂದರೆ, ಪಾತ್ರೆಗೆ ಟಾಟಾ ಮಾಡಿದಳು!

ನಕ್ಕೆ. ಆಮೇಲೆ ಬೇಸರವಾಯಿತು. ಮೊಸರು ಡಬ್ಬಿಯಲ್ಲಿ, ಚಪಾತಿ ಪ್ಯಾಕೆಟ್ಟಿನಲ್ಲಿ ಬರುವ ಮನೆಯಲ್ಲಿ ನಾದು, ಕಡೆ, ಹೆಪ್ಪು ಹಾಕು ಎಂಬ ಮಾತುಗಳಿಗೆ ಕೆಲಸವೆಲ್ಲಿ? ಮೈಸೂರಿನ ಅಜ್ಜಿಯ ಜೊತೆ ವಿಡಿಯೋ ಕಾಲ್ ಕೂಡ "ಊಟ ಆಯ್ತಾ?" "ಆಯ್ತು" ಅಷ್ಟಕ್ಕೇ ಮುಗಿಯುತ್ತಿತ್ತು.

ಅವಳನ್ನು ಅಡುಗೆಮನೆಗೆ ತಂದದ್ದು ಆರ್ಮೇನಿಯಾದ ಸೂಪು. ಶಾಲೆಯ ಗೆಳತಿಯ ಮನೆಯಲ್ಲಿ 'ಸ್ಪಾಸ್' ಕುಡಿದು ಬಂದವಳು ತನಗೂ ಅದೇ ಬೇಕೆಂದಳು. ಸ್ಪಾಸ್ ಎಂದರೆ ಮೊಸರು ಮತ್ತು ಗೋಧಿಯ ಬಿಸಿ ಸೂಪು. ಅವರು ಮೊಸರಿಗೆ 'ಮಾಟ್ಸುನ್' ಎನ್ನುತ್ತಾರೆ. ನಮ್ಮ ಹಾಗೇ ಉಗುರು ಬೆಚ್ಚಗಿನ ಹಾಲಿಗೆ ಹಳೆಯ ಮೊಸರಿನ ಹೆಪ್ಪು. ಗುರುವಾರ ರಾತ್ರಿ ಹೆಪ್ಪು ಹಾಕಿದ್ದು ಅವಳೇ.

ಬಹ್ರೈನಿನಲ್ಲಿ ಗೋಧಿಯ ಚಿಂತೆ ಇಲ್ಲ. ರಂಜಾನಿನ ಹರೀಸ್‌ಗೆಂದು ಮಾರುವ ಸಿಪ್ಪೆ ತೆಗೆದ ಗೋಧಿಯೇ ಸಾಕು. ಅರ್ಧ ಕಪ್ ಗೋಧಿಯನ್ನು ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ. ಅರ್ಧ ಲೀಟರ್ ಮೊಸರಿಗೆ 2 ಚಮಚ ಮೈದಾ, 1 ಮೊಟ್ಟೆ ಹಾಕಿ ಗಂಟಿಲ್ಲದಂತೆ ಕಡೆದು, 2 ಕಪ್ ನೀರು ಬೆರೆಸಿ. ಸಣ್ಣ ಉರಿಯಲ್ಲಿ, ಕುದಿ ಬರುವವರೆಗೂ ಕೈಯಾಡಿಸುತ್ತಲೇ ಇರಬೇಕು. ಕೊನೆಗೆ ಗೋಧಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಪುದೀನ, ಉಪ್ಪು.

ಮೊದಲ ಶುಕ್ರವಾರ ನಾನು ಅವಸರದಲ್ಲಿ ಮೈದಾ, ಮೊಟ್ಟೆ ಎರಡನ್ನೂ ಮರೆತೆ. ಉರಿಯೂ ಜೋರಾಯಿತು.

"ಅಮ್ಮಾ, ಮೊಸರು ಬ್ರೇಕ್ ಆಯ್ತು!"

"ಒಡೀತು ಅನ್ನಬೇಕು ಪುಟ್ಟಿ."

ಸಂಜೆ ಅಜ್ಜಿಗೆ ಈ ಸುದ್ದಿ ಹೋಯಿತು. ಅಜ್ಜಿ ಜೋರಾಗಿ ನಕ್ಕು, "ಮಜ್ಜಿಗೆ ಹುಳಿಗೆ ಕಡಲೆಬೇಳೆ ನೆನೆಸಿ ಅರೆದು ಹಾಕೋದು ಯಾಕೆ ಹೇಳು?" ಎಂದರು. ನನ್ನ ಪಿಎಚ್‌ಡಿ ಆಗ ಕೆಲಸಕ್ಕೆ ಬಂತು. ಹುಳಿ ಮೊಸರು ಕಾದಾಗ ಅದರ ಪ್ರೋಟೀನು ಒಂದಕ್ಕೊಂದು ಅಂಟಿ ಗಂಟಾಗಿ ನೀರನ್ನು ಹಿಂಡಿಬಿಡುತ್ತದೆ. ಹಿಟ್ಟಿನ ಪಿಷ್ಟ ಉಬ್ಬಿ ನಡುವೆ ನಿಂತರೆ ಗಂಟು ಕಟ್ಟುವುದಿಲ್ಲ. ಯೆರೆವಾನಿನ ಮೈದಾ, ಮೈಸೂರಿನ ಕಡಲೆಬೇಳೆ ಎರಡರ ಕೆಲಸವೂ ಒಂದೇ. ಅಜ್ಜಿಗೆ ಒಂದೇ ಆತಂಕ: "ಮೊಟ್ಟೆ ಯಾಕೆ? ಹಿಟ್ಟೇ ಸಾಕಲ್ವಾ?"

ಮುಂದಿನ ಶುಕ್ರವಾರ ಮೊಟ್ಟೆ ಬಿಟ್ಟು, ಮೈದಾ 3 ಚಮಚ ಮಾಡಿದೆವು. ಸ್ಟೂಲಿನ ಮೇಲೆ ನಿಂತು ಮಗಳೇ ಕೈಯಾಡಿಸಿದಳು, ನಾನು ಪಕ್ಕದಲ್ಲಿ ಪಾತ್ರೆ ಹಿಡಿದಿದ್ದೆ. ಆಮೇಲೆ ಫೋನು ಅವಳೇ ಕಿತ್ತುಕೊಂಡಳು: "ಅಜ್ಜಿ, ಒಡೀಲಿಲ್ಲ! ನಾನು ಕೈಯಾಡಿಸ್ತಾನೇ ಇದ್ದೆ!" ಆ ಕಾಲ್ ಇಪ್ಪತ್ತು ನಿಮಿಷ ನಡೆಯಿತು. ನಡುನಡುವೆ ಇಂಗ್ಲಿಷ್ ಇತ್ತು, ಇರಲಿ.

ನೀವೂ ಈ ವಾರ ಒಂದು ಅಡುಗೆಯನ್ನು ಮೊದಲಿಂದ ಕೊನೆಯವರೆಗೆ ಮಗುವಿನ ಜೊತೆ ಮಾಡಿ. ಯಾವ ದೇಶದ್ದಾದರೂ ಸರಿ, ಮಗು ಆಸೆಪಟ್ಟದ್ದಾಗಿರಲಿ. ಕೈ ಮಾಡುವ ಕೆಲಸಕ್ಕೆಲ್ಲ ಅಲ್ಲೇ ಕನ್ನಡದ ಹೆಸರು ಹೇಳಿ. ತಪ್ಪು ತಿದ್ದುವುದಕ್ಕಿಂತ ಸೌಟು ಕೊಡುವುದು ಸುಲಭ. ಆಮೇಲೆ ಊರಿಗೆ ಫೋನು ಮಾಡಿ, ವರದಿ ಮಾತ್ರ ಮಗುವೇ ಒಪ್ಪಿಸಲಿ.