ಗಪ್ಪಿ ತೊಟ್ಟಿಗಿರಲಿ, ಕೆರೆಗೆ ಬೇಡ

ಡೆಂಗಿ ಭೀತಿ ಏರಿದಾಗಲೆಲ್ಲ ಕೆರೆಗೆ ಗಪ್ಪಿ ಮೀನು ಬಿಡುವ ಫೋಟೊಗಳು ಬರುತ್ತವೆ. ಫೋಟೊಗೆ ಕೆರೆಯೇ ಚೆಂದ, ನಿಜ. ಆದರೆ ಮನೆಯಂಗಳದಲ್ಲಿ ನೀರು ತುಂಬಿಡುವ ಹುಲಗೂರಿನಂಥ ಊರಿಗೆ ಅದರಿಂದ ಲಾಭ ಕಡಿಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ಮನೆಯಂಗಳದ ಬ್ಯಾರಲ್, ಸಿಮೆಂಟ್ ತೊಟ್ಟಿ, ದನದ ಬಾನಿಗಳಲ್ಲಿ. ಗಪ್ಪಿಯೇ ನಿರುಪಯೋಗಿ ಎಂದಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಅದನ್ನು ಬಿಟ್ಟಾಗ ಮಲೇರಿಯಾ ಇಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದರೆ ಬಾವಿಯ ಮೀನು ಬಾವಿಯಲ್ಲೇ ಉಳಿಯುತ್ತದೆ.

ಕೆರೆಗೂ ಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಕೊಳಕು ನೀರು, ಸವುಳು ನೀರು ಎರಡನ್ನೂ ತಾಳುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುವುದರಿಂದ ಒಂದೇ ಮೀನು ಸಂತತಿ ಬೆಳೆಸೀತು. ಕೆರೆ ಕೋಡಿ ಬಿದ್ದರೆ ಅದು ಹಳ್ಳಕ್ಕೆ, ಹೊಳೆಗೆ ಇಳಿಯುತ್ತದೆ. ಅಲ್ಲಿನ ನಾಡಮೀನುಗಳ ಮೇವಿನಲ್ಲಿ ಪಾಲು ಪಡೆಯುತ್ತದೆ. ಕೆರೆಗೆ ಮೀನೇ ಬೇಕೆಂದರೆ, ಸೊಳ್ಳೆಮರಿ ತಿನ್ನುವ, ತಲೆಯ ಮೇಲೆ ಹೊಳೆಯುವ ಚುಕ್ಕೆಯ ಪುಟ್ಟ ಮೀನು ನಮ್ಮ ನೀರಿನಲ್ಲೇ ಇದೆ. ಇನ್ನು ತೊಟ್ಟಿಯ ವಿಷಯಕ್ಕೆ ಬಂದರೆ, ಕುಡಿಯುವ ನೀರಿನಲ್ಲಿ ಮೀನು ಬೇಡವೆನ್ನುವವರ ಮಾತೂ ಸರಿಯೇ. ಅವರಿಗೆ ಬಿಗಿ ಮುಚ್ಚಳ ಸಾಕು, ಜೊತೆಗೆ ವಾರಕ್ಕೊಮ್ಮೆ ತೊಟ್ಟಿಯ ಗೋಡೆ ಉಜ್ಜಬೇಕು. ಈಡಿಸ್ ಮೊಟ್ಟೆ ಅಂಟಿರುವುದು ಅಲ್ಲಿಯೇ.